ತುದಿಯಲ್ಲಿದ್ದ ತೊಡಕು

ಎರಡನೆಯ ಮಹಾಯುದ್ಧ ಮುಗಿದಿತ್ತು. ಹವ್ಯಾಸಕ್ಕಾಗಿ ಲೈಸೆನ್ಸ್ ಪಡೆದು ರೇಡಿಯೋ ಕೇಂದ್ರ ನಡೆಸುವವರನ್ನು ಹ್ಯಾಮ್ ಎನ್ನುತ್ತಾರೆ. 1941ರ ಡಿಸೆಂಬರಿನಲ್ಲಿ ಬಾಯಿ ಮುಚ್ಚಿಸಿಕೊಂಡಿದ್ದ ಅಮೆರಿಕದ ಹ್ಯಾಮ್‌ಗಳು 1945ರಿಂದ ಒಂದೊಂದೇ ಬ್ಯಾಂಡಿನಲ್ಲಿ ಮತ್ತೆ ಮಾತಾಡತೊಡಗಿದರು. ಅದೇ ಹೊತ್ತಿಗೆ ಸೇನೆಗೆ ಬೇಡವಾದ ಸಾಮಾನು ರಾಶಿರಾಶಿಯಾಗಿ ಮಾರಾಟಕ್ಕೆ ಬಂತು. ಟ್ರಾನ್ಸ್‌ಮಿಟರು, ರಿಸೀವರು, ಸುರುಳಿಗಟ್ಟಲೆ ಕೊಯಾಕ್ಸಿಯಲ್ ಕೇಬಲ್ಲು. ಜೊತೆಗೆ ಆ ಕೇಬಲ್ಲಿನ ತುದಿಗೆ ಬೆಸೆದು, ತಿರುಗಿಸಿ ಬಿಗಿಯುವ, ಹೆಬ್ಬೆರಳಿನಷ್ಟು ದಪ್ಪದ ಒಂದು ಪ್ಲಗ್ಗು. ಸೇನೆಯ ಪಟ್ಟಿಯಲ್ಲಿ ಅದು ಪಿಎಲ್-259. ಅದು ಕೂರುವ ಸಾಕೆಟ್ಟು ಎಸ್‌ಓ-239. ಜೋಡಿಗೆ ಯುಎಚ್‌ಎಫ್ ಕನೆಕ್ಟರ್ ಎಂಬ ಹೆಸರಿತ್ತು. ಅಗ್ಗ, ಗಟ್ಟಿಮುಟ್ಟು, ದಪ್ಪ ಬೆರಳಿನವರಿಗೂ ಬೆಸೆಯಲು ಸುಲಭ. ಹ್ಯಾಮ್‌ಗಳು ಅದನ್ನು ಬಾಚಿಕೊಂಡರು. ರೇಡಿಯೋ ತಯಾರಿಸುವವರೂ ಪೆಟ್ಟಿಗೆಯ ಬೆನ್ನಿಗೆ ಅದೇ ಸಾಕೆಟ್ಟು ಕೂರಿಸಿದರು.

ಶಾರ್ಟ್‌ವೇವಿನಲ್ಲಿ ಪ್ಲಗ್ಗು ನಂಬಿಕಸ್ಥ ಆಳಿನಂತೆ ದುಡಿಯಿತು. 3.5 ಮೆಗಾಹರ್ಟ್ಸ್‌ನಿಂದ 30ರವರೆಗೆ ಅದರ ಮೇಲೆ ದೂರು ಹೇಳುವ ಸಂದರ್ಭವೇ ಬರಲಿಲ್ಲ. ಆದರೆ ಹ್ಯಾಮ್‌ಗಳಲ್ಲಿ ಒಂದು ಜಾತಿಯ ಹಟಮಾರಿಗಳಿರುತ್ತಾರೆ. ಜನಜಂಗುಳಿ ಬಿಟ್ಟು ಮೇಲುಮೇಲಿನ ಬ್ಯಾಂಡುಗಳತ್ತ ಹತ್ತುವವರು. ಅವರು 144 ಮೆಗಾಹರ್ಟ್ಸ್‌ಗೆ ಹತ್ತಿದರು, ಆಮೇಲೆ 432ಕ್ಕೆ. ತಲೆನೋವು ಅಲ್ಲಿ ಶುರುವಾಯಿತು. ಆಂಟೆನಾ ಸರಿಯಿತ್ತು. ಕೇಬಲ್ಲು ಹೊಸದು. ಬೆಸುಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆದರೂ ಆಂಟೆನಾಗೆ ಹೋಗುವ ಶಕ್ತಿ ಅಳೆಯುವ ಮೀಟರಿನ ಮುಳ್ಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಕೇಬಲ್ಲನ್ನು ಒಂದು ಗೇಣು ಕತ್ತರಿಸಿದರೆ ಒಂದು ಲೆಕ್ಕ, ಇನ್ನೊಂದು ತುಂಡು ಜೋಡಿಸಿದರೆ ಬೇರೆಯೇ ಲೆಕ್ಕ. ಜೋಡಣೆಗಳು ಹೆಚ್ಚಿದಷ್ಟೂ ಗೋಜಲು ಹೆಚ್ಚುತ್ತಿತ್ತು. ಹೆಸರಲ್ಲೇ ‘ಅಲ್ಟ್ರಾ ಹೈ ಫ್ರೀಕ್ವೆನ್ಸಿ’ ಹೊತ್ತ ಪ್ಲಗ್ಗನ್ನು ಆ ಫ್ರೀಕ್ವೆನ್ಸಿಯಲ್ಲೇ ಅನುಮಾನಿಸಲು ಸುಲಭಕ್ಕೆ ಮನಸ್ಸು ಬರುವಂತಿರಲಿಲ್ಲ.

ಕಳ್ಳ ಅಡಗಿದ್ದುದು ಆ ಪ್ಲಗ್ಗಿನಲ್ಲಿಯೇ. ಅವನು ಅಲ್ಲಿಗೆ ಬಂದು ಸೇರಿದ ಕತೆ ಮಾತ್ರ ಬಹಳ ಹಿಂದಿನದು.

ಲಂಡನ್ನಿನ ಕ್ಯಾಮ್ಡೆನ್ ಟೌನ್‌ನಲ್ಲಿ 1850ರಲ್ಲಿ ಆಲಿವರ್ ಹೆವಿಸೈಡ್ ಎಂಬ ಹುಡುಗ ಹುಟ್ಟಿದ. ಎಳವೆಯಲ್ಲಿ ಬಂದ ಸ್ಕಾರ್ಲೆಟ್ ಜ್ವರ ಅವನ ಕಿವಿಯನ್ನು ಮಂದ ಮಾಡಿ ಹೋಯಿತು. ಹದಿನಾರಕ್ಕೆ ಶಾಲೆ ಬಿಟ್ಟ. ಕೆಲಕಾಲ ಟೆಲಿಗ್ರಾಫ್ ನೌಕರಿ ಮಾಡಿದ. 1874ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಅದನ್ನೂ ಬಿಟ್ಟು ತಂದೆತಾಯಿಯ ಮನೆಯ ಕೋಣೆ ಸೇರಿದ. ಮತ್ತೆಂದೂ ನೌಕರಿಯ ಮುಖ ನೋಡಲಿಲ್ಲ. ಯಾವ ಗುರುವೂ ಇಲ್ಲದೆ ಮ್ಯಾಕ್ಸ್‌ವೆಲ್‌ನ ವಿದ್ಯುತ್ಕಾಂತ ಗ್ರಂಥವನ್ನು ಹಿಡಿದು ಕೂತ. ಅಕ್ಕಪಕ್ಕದ ಟೆಲಿಗ್ರಾಫ್ ತಂತಿಗಳಲ್ಲಿ ಒಂದರ ಸಂದೇಶ ಇನ್ನೊಂದಕ್ಕೆ ಸೋರುವುದನ್ನು ಅವನು ನೌಕರಿಯ ದಿನಗಳಿಂದ ಬಲ್ಲ. ಅದಕ್ಕೆ ಅವನು ಕಂಡುಕೊಂಡ ಮದ್ದು ಒಂದು ಮಗುವೂ ಚಿತ್ರ ಬರೆಯಬಹುದಾದಷ್ಟು ಸರಳ: ಹೋಗುವ ತಂತಿ, ಬರುವ ತಂತಿ ಎರಡನ್ನೂ ಪಕ್ಕಪಕ್ಕ ಇಡದೆ ಒಂದನ್ನು ಇನ್ನೊಂದರ ಹೊಟ್ಟೆಯೊಳಗೆ ಇಡುವುದು. ನಡುವೆ ತಂತಿ, ಸುತ್ತ ಕೊಳವೆ, ಎರಡಕ್ಕೂ ಒಂದೇ ಅಕ್ಷ; ಕೊಯಾಕ್ಸಿಯಲ್ ಎಂದರೆ ಇದೇ. ಒಳಗಿನದು ಹೊರಗೆ ಸೋರದು, ಹೊರಗಿನದು ಒಳಗೆ ನುಗ್ಗದು. 1880ರಲ್ಲಿ ಅದಕ್ಕೆ ಬ್ರಿಟಿಷ್ ಪೇಟೆಂಟ್ ಸಿಕ್ಕಿತು. ಅದರ ಕಾಲ ಬರಲು ಮಾತ್ರ ಸುಮಾರು ಅರ್ಧ ಶತಮಾನ ಹಿಡಿಯಿತು.

ಆ ಕಾಲವನ್ನು ತಂದವರು ಅಮೆರಿಕದ ಬೆಲ್ ಟೆಲಿಫೋನ್ ಬಳಗದ ಇಬ್ಬರು, ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಆಫೆಲ್. ಒಂದೇ ತಂತಿಯಲ್ಲಿ ನೂರಾರು ಟೆಲಿಫೋನ್ ಮಾತು ಕಳಿಸಬೇಕು, ಮುಂದೆ ಬರಲಿರುವ ಟೆಲಿವಿಷನ್ನಿನ ಚಿತ್ರವನ್ನೂ ಕಳಿಸಬೇಕು ಎಂಬುದು ಅವರ ಹಂಬಲ. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1936ರಲ್ಲಿ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಡುವೆ ಅಂಥ ಲೈನು ಪರೀಕ್ಷೆಗೆ ನಿಂತಿತು. ಅದರ ಹೊಟ್ಟೆಯೊಳಗೆ ಬಹುಪಾಲು ಗಾಳಿಯೇ ಇತ್ತು. ನಡುವಿನ ತಂತಿ ಕೊಳವೆಗೆ ತಾಗದಂತೆ ಅಲ್ಲಲ್ಲಿ ಗಟ್ಟಿ ರಬ್ಬರಿನ ಬಿಲ್ಲೆ ಪೋಣಿಸಿದ್ದರು. ನೆಲದಲ್ಲಿ ಹೂತಿಡುವ ಲೈನಿಗೆ ಅದು ಸಾಕು. ವಿಮಾನದ ರೆಕ್ಕೆಯ ಸಂದಿಯಲ್ಲಿ ಬಾಗಿಸಿ ಎಳೆಯುವ ಮಾತಾಡಿದರೆ ಅದು ಒಗ್ಗುತ್ತಿರಲಿಲ್ಲ. ಬಾಗಬೇಕು, ಆದರೂ ತಂತಿ ನಟ್ಟನಡುವೆಯೇ ನಿಲ್ಲಬೇಕು, ಎತ್ತರದ ಫ್ರೀಕ್ವೆನ್ಸಿಯ ಶಕ್ತಿಯನ್ನು ನುಂಗಬಾರದು. ಅಂಥ ತುಂಬುವಸ್ತು ಲೋಕದಲ್ಲಿ ಇರಲಿಲ್ಲ.

ಇರಲಿಲ್ಲ ಎಂದರೆ, ಇತ್ತು. ಅರ್ಧ ಗ್ರಾಮಿಗೂ ಕಡಿಮೆ ಇತ್ತು.

ಇಂಗ್ಲೆಂಡಿನ ಚೆಷೈರ್ ಸೀಮೆಯ ವಿನ್ನಿಂಗ್‌ಟನ್‌ನಲ್ಲಿ ಐಸಿಐ ಕಂಪನಿಯ ಒಂದು ಪ್ರಯೋಗಾಲಯ. ಅಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ವಿಪರೀತ ಒತ್ತಡದಲ್ಲಿ ರಾಸಾಯನಿಕಗಳು ಹೇಗೆ ವರ್ತಿಸುತ್ತವೆ ಎಂದು ಒಂದಾದ ಮೇಲೊಂದು ಜೋಡಿಯನ್ನು ಉಕ್ಕಿನ ಪಾತ್ರೆಗೆ ಹಾಕಿ ಅದುಮುತ್ತಿದ್ದರು. ಹತ್ತಾರು ಜೋಡಿ ಮುಗಿದಿದ್ದವು. ಬಯಸಿದ್ದು ಒಂದೂ ಆಗಿರಲಿಲ್ಲ. 1933ರ ಮಾರ್ಚ್ 24, ಶುಕ್ರವಾರ, ಎಥಿಲೀನ್ ಅನಿಲ ಮತ್ತು ಬೆಂಜಾಲ್ಡಿಹೈಡನ್ನು ಪಾತ್ರೆಗೆ ಹಾಕಿ, 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾಯುಭಾರದ ಸುಮಾರು 1,900 ಪಟ್ಟು ಒತ್ತಡ ಕೊಟ್ಟು, ವಾರಾಂತ್ಯಕ್ಕೆ ಬಿಟ್ಟರು. ಎಲ್ಲೋ ಒಂದು ಸಂದಿ ಸೋರಿತು. ಸೋಮವಾರ ಪಾತ್ರೆ ತೆರೆದರೆ ಒತ್ತಡವೆಲ್ಲ ಇಳಿದುಹೋಗಿತ್ತು. ಪ್ರಯೋಗ ಕೆಟ್ಟಿತ್ತು ಎಂದು ತೊಳೆದು ಮುಂದಿನ ಜೋಡಿಗೆ ಹೋಗಬಹುದಿತ್ತು. ಗಿಬ್ಸನ್ ಕೊಳವೆಯ ತುದಿ ನೋಡಿದ. ಮೇಣದಲ್ಲಿ ಅದ್ದಿ ತೆಗೆದಂತೆ ಅಲ್ಲಿ ಏನೋ ಬೆಳ್ಳಗೆ ಅಂಟಿತ್ತು. ಕೆರೆದು ತೂಗಿದರು: 0.4 ಗ್ರಾಂ. ನೋಟ್‌ಬುಕ್ಕಿನಲ್ಲಿ ಮೇಣದಂಥ ಗಟ್ಟಿ ವಸ್ತು ಸಿಕ್ಕಿತೆಂದು ಒಂದು ಸಾಲು ಬರೆದ.

ಮತ್ತೆ ಮಾಡಲು ಹೋದರು. ಈ ಸಲ ಎಥಿಲೀನ್ ಸಿಡಿದೆದ್ದಿತು. ಒತ್ತಡಮಾಪಕಗಳು ಒಡೆದವು, ಕೊಳವೆಗಳು ಕಿತ್ತುಹೋದವು. ಇದ್ದ ಸಲಕರಣೆಗೆ ಇದು ಮೀರಿದ ಸಾಹಸ ಎಂದು ಕೆಲಸ ನಿಂತಿತು. ಎರಡು ವರ್ಷ ಆ ಮೇಣದ ಚೂರು ಒಂದು ನೆನಪಾಗಿ ಉಳಿಯಿತು. 1935ರಲ್ಲಿ ಕೇಂಬ್ರಿಜ್‌ನ ಒಂದು ಸಭೆಯಲ್ಲಿ ಫಾಸೆಟ್ ಎದ್ದುನಿಂತು ಎಥಿಲೀನಿನಿಂದ ಗಟ್ಟಿ ಪಾಲಿಮರು ಸಿಕ್ಕಿತ್ತೆಂದು ಹೇಳಿದ. ಆ ವಿದ್ಯೆಯ ಹಿರಿತಲೆಗಳೇ ಅಲ್ಲಿ ಕೂತಿದ್ದವು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಣ್ಣಾರೆ ಕಂಡು, ಕೈಯಾರೆ ಕೆರೆದವನಿಗೆ ಆ ಮೌನ ಎಷ್ಟು ಚುಚ್ಚಿರಬೇಕು!

ಅದೇ ವರ್ಷದ ಡಿಸೆಂಬರಿನಲ್ಲಿ ಮೈಕಲ್ ಪೆರಿನ್ ಮತ್ತು ಅವನ ಜೊತೆಗಾರರು ಇನ್ನಷ್ಟು ಗಟ್ಟಿಯಾದ ಸಲಕರಣೆಯೊಂದಿಗೆ, ಈ ಸಲ ಎಥಿಲೀನ್ ಒಂದನ್ನೇ ತುಂಬಿ, ಮತ್ತೆ ಕೂತರು. ಒತ್ತಡ ಮೆಲ್ಲಗೆ ಇಳಿಯತೊಡಗಿತು. ಅನಿಲವು ಗಟ್ಟಿಯಾಗುತ್ತಿದೆ ಎಂದು ಹಿಗ್ಗಿ, ಇಳಿದಷ್ಟಕ್ಕೂ ಹೊಸ ಎಥಿಲೀನ್ ತುಂಬುತ್ತ ಹೋದರು. ತೆರೆದಾಗ ಸುಮಾರು 8 ಗ್ರಾಂ ಬಿಳಿ ಪುಡಿ ಇತ್ತು. ಆಮೇಲೆ ತಿಳಿಯಿತು, ಒತ್ತಡ ಇಳಿದದ್ದಕ್ಕೆ ದೊಡ್ಡ ಕಾರಣ ಮತ್ತೆ ಒಂದು ಸೋರುವ ಸಂದಿಯೇ ಎಂದು! ಆ ಸೋರಿಕೆಯೇ ಅವರ ಕೈ ಹಿಡಿದಿತ್ತು. ಎಥಿಲೀನಿನ ಕಣಗಳು ಒಂದಕ್ಕೊಂದು ಸರಪಳಿಯಾಗಲು ಕಿಡಿ ಹೊತ್ತಿಸಬೇಕಾದದ್ದು ಆಮ್ಲಜನಕ, ಅದೂ ಹೆಸರಿಗೆ ಮಾತ್ರ. ಇಲ್ಲದಿದ್ದರೆ ಏನೂ ಆಗದು, ಹೆಚ್ಚಾದರೆ ಸಿಡಿಯುತ್ತದೆ. ಸೋರಿಹೋದದ್ದನ್ನು ತುಂಬಲು ಬಂದ ಹೊಸ ಅನಿಲದಲ್ಲಿ ಅದು ಬೇಕಾದಷ್ಟೇ ಬೆರೆತಿತ್ತು. ಈ ಬಿಳಿ ವಸ್ತುವಿಗೆ ಪಾಲಿಥೀನ್ ಎಂದು ಹೆಸರಾಯಿತು. ಬಾಗುತ್ತಿತ್ತು, ನೀರು ಕುಡಿಯುತ್ತಿರಲಿಲ್ಲ, ರೇಡಿಯೋ ಅಲೆಯ ಶಕ್ತಿಯನ್ನು ಬಹುಮಟ್ಟಿಗೆ ಮುಟ್ಟದೆ ಬಿಡುತ್ತಿತ್ತು. ಅದರ ಪೂರ್ಣಪ್ರಮಾಣದ ಕಾರ್ಖಾನೆ ಕೆಲಸ ಶುರುಮಾಡಿದ್ದು 1939ರ ಸೆಪ್ಟೆಂಬರ್ 1ರಂದು. ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿದ್ದೂ ಅದೇ ದಿನ.

ರೇಡಾರು ಆ ಯುದ್ಧದ ಕಣ್ಣಾಯಿತು. ವಿಮಾನದೊಳಗೆ ರೇಡಾರು ಕೂರಿಸುವುದು ಪಾಲಿಥೀನ್ ಇಲ್ಲದೆ ಹೆಚ್ಚುಕಡಿಮೆ ಆಗದ ಕೆಲಸವಾಗಿತ್ತೆಂದು ಬ್ರಿಟನ್ನಿನ ರೇಡಾರಿನ ಜನಕ ರಾಬರ್ಟ್ ವಾಟ್ಸನ್-ವಾಟ್ ಮುಂದೆ ನೆನೆಸಿಕೊಂಡ. ಕೇಬಲ್ಲಿನ ಹೊಟ್ಟೆ ತುಂಬಿತ್ತು. ಉಳಿದದ್ದು ಅದರ ತುದಿ.

ತುದಿಯ ಕೆಲಸ ಅಮೆರಿಕದಲ್ಲಿ ಆಗಲೇ ಒಬ್ಬನ ಕೈಗೆ ಬಂದಿತ್ತು. 1932ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಅಮೆರಿಕನ್ ಫಿನಾಲಿಕ್ ಎಂಬ ಕಂಪನಿ ರೇಡಿಯೋ ವಾಲ್ವುಗಳ ಸಾಕೆಟ್ಟನ್ನು ಫಿನಾಲಿಕ್ ಪ್ಲಾಸ್ಟಿಕ್ಕಿನಲ್ಲಿ, ಅಂದರೆ ಬೇಕಲೈಟಿನಂಥದರಲ್ಲಿ, ಎರಕ ಹೊಯ್ಯುತ್ತಿತ್ತು. ಮುಂದೆ ಅದೇ ಆಂಫಿನಾಲ್ ಎಂದು ಹೆಸರಾಯಿತು. ಅಲ್ಲಿನ ಎಂಜಿನಿಯರ್ ಇ. ಕ್ಲಾರ್ಕ್ ಕ್ವಾಕೆನ್‌ಬುಷ್ ಮೂವತ್ತರ ದಶಕದಲ್ಲಿ ರೇಡಿಯೋ ಕೆಲಸಕ್ಕೆಂದು ಒಂದು ಪ್ಲಗ್ಗು ರೂಪಿಸಿದ. ನಡುವೆ 4 ಮಿಲಿಮೀಟರಿನ, ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದ್ದ ಬನಾನಾ ಪ್ಲಗ್ಗಿನ ಅಳತೆಯದೇ ಆದ ಪಿನ್ನು. ಸುತ್ತ ಮರೆಯಾಗಿ ಲೋಹದ ಕವಚ. ಬಿಗಿಯಲು ಮರೆಸುತ್ತಿನ ಉಂಗುರ. ಅವನ ಮುಂದಿದ್ದ ಪ್ರಶ್ನೆ ಇಷ್ಟೇ: ಹೊರಗಿನ ಗದ್ದಲ ಒಳಗೆ ಬರಬಾರದು, ಎಳೆದರೆ ಕಿತ್ತುಬರಬಾರದು. ಅದಕ್ಕೆ ಅವನು ಕೊಟ್ಟ ಉತ್ತರ ಇವತ್ತಿಗೂ ಗಟ್ಟಿಯಾಗಿದೆ. ಹೆಸರಿನ ಗುಟ್ಟೂ ಇಲ್ಲೇ ಇದೆ. ಆ ದಿನಗಳಲ್ಲಿ 30 ಮೆಗಾಹರ್ಟ್ಸ್ ದಾಟಿದರೆ ಸಾಕು, ಅದು ‘ಅಲ್ಟ್ರಾ ಹೈ’. 300ರಿಂದ 3,000 ಮೆಗಾಹರ್ಟ್ಸ್‌ಗೆ ಮಾತ್ರ ಆ ಹೆಸರು ಎಂದು ಲೋಕವೆಲ್ಲ ಒಪ್ಪಿದ್ದು ಯುದ್ಧ ಮುಗಿದ ಮೇಲೆ. ಆಕಾಶದ ಅಳತೆಗೋಲು ಮುಂದೆ ಸರಿಯಿತು. ಪ್ಲಗ್ಗಿನ ಮೇಲಿನ ಹೆಸರು ಇದ್ದಲ್ಲೇ ಉಳಿಯಿತು.

ಅಳತೆಗೋಲನ್ನು ಎಳೆದೊಯ್ದವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್. 1940ರ ಫೆಬ್ರವರಿ 21ರಂದು ಅವರು ತಾಮ್ರದ ಗಟ್ಟಿಯೊಂದರಲ್ಲಿ ಕುಳಿ ಕೊರೆದು, ಸಂದಿಗಳಿಗೆ ಅರಗು ಮೆತ್ತಿ, ಗಾಳಿ ಹೀರಿ ತೆಗೆದು, ಕರೆಂಟು ಕೊಟ್ಟರು. ಎಷ್ಟು ಶಕ್ತಿ ಬರುತ್ತಿದೆ ಎಂದು ನೋಡಲು ಹಿಡಿದ ಕಾರಿನ ಹೆಡ್‌ಲೈಟ್ ಬಲ್ಬುಗಳು ಒಂದಾದ ಮೇಲೊಂದು ಸುಟ್ಟುಹೋದವು. ಅಲೆಯ ಉದ್ದ ಹತ್ತಿರಹತ್ತಿರ 10 ಸೆಂಟಿಮೀಟರು. ಎಂದರೆ ಸುಮಾರು 3,000 ಮೆಗಾಹರ್ಟ್ಸ್. ಮ್ಯಾಗ್ನೆಟ್ರಾನ್ ಎಂಬ ಈ ಗಟ್ಟಿಯ ಒಂದು ಮಾದರಿ ಅದೇ ಸೆಪ್ಟೆಂಬರಿನಲ್ಲಿ ತಗಡಿನ ಪೆಟ್ಟಿಗೆಯೊಂದರಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕ ಸೇರಿತು. ಬೆಲ್ ಪ್ರಯೋಗಾಲಯದವರು ಅದರ ನಕಲು ಮಾಡಲು ಕೂತಾಗ ಒಂದು ಗೊಂದಲ ಎದುರಾಯಿತು. ಎಕ್ಸ್‌ರೇ ತೆಗೆದರೆ ಒಳಗೆ ಎಂಟು ಕುಳಿ. ಜೊತೆಗೆ ಬಂದ ನಕಾಶೆಯಲ್ಲಿ ಆರೇ. ನಕಾಶೆ ಹಳೆಯ ಮಾದರಿಯದಾಗಿತ್ತು. ಅವರು ನಕಾಶೆ ಪಕ್ಕಕ್ಕಿಟ್ಟು ಕಣ್ಣಿಗೆ ಕಂಡದ್ದನ್ನು ನಂಬಿದರು.

ಹತ್ತು ಸೆಂಟಿಮೀಟರಿನ ಅಲೆ ಬಂದ ಮೇಲೆ ಎರಡೂವರೆ ಸೆಂಟಿಮೀಟರಿನ ಪ್ಲಗ್ಗು ಸಣ್ಣ ವಸ್ತುವಾಗಿ ಉಳಿಯಲಿಲ್ಲ. ಅಲೆಯ ಕಾಲು ಭಾಗವೇ ಅದರೊಳಗೆ ಕೂರುವಷ್ಟು ಅದು ದೊಡ್ಡದಾಯಿತು. ಅದೇ ಬೆಲ್ ಪ್ರಯೋಗಾಲಯದ ಪಾಲ್ ನೀಲ್ ಈ ತುದಿಯನ್ನು ಬೇರೆಯೇ ಕಣ್ಣಿನಿಂದ ನೋಡಿದ. ಅವನ ಲೆಕ್ಕದಲ್ಲಿ ಕನೆಕ್ಟರ್ ಎಂಬುದು ಕೇಬಲ್ಲಿಗೆ ತೊಡಿಸುವ ಟೋಪಿ ಆಗಿರಲಿಲ್ಲ; ಅದೂ ಕೇಬಲ್ಲಿನದೇ ಒಂದು ತುಂಡಾಗಿರಬೇಕಿತ್ತು. ಕೇಬಲ್ಲಿನೊಳಗೆ ತಂತಿಗೂ ಕೊಳವೆಗೂ ಇರುವ ಹೊಂದಾಣಿಕೆ ಪ್ಲಗ್ಗಿನೊಳಗೂ ಮುರಿಯದೆ ಮುಂದುವರಿಯಬೇಕು. ಹೀಗೆ ನಲವತ್ತರ ದಶಕದಲ್ಲಿ ಹುಟ್ಟಿದ ಕನೆಕ್ಟರಿಗೆ ಅವನ ಹೆಸರಿನ ಮೊದಲ ಅಕ್ಷರವೇ ಹೆಸರಾಯಿತು: ಎನ್. ಎರಡು ಮುಖ ಸೇರುವ ಕಡೆ ಗಾಳಿಯೇ ತುಂಬುವಸ್ತು. ಹೊರ ಕೊಳವೆಯ ಒಳವ್ಯಾಸ 7 ಮಿಲಿಮೀಟರು, ನಡುವಿನ ಪಿನ್ನಿನದು 3.04. ಬಿಗಿಯುವ ಕಡೆ ರಬ್ಬರಿನ ಒಂದು ಬಳೆ ಇಟ್ಟರು, ಮಳೆನೀರು ಒಳಗಿಳಿಯದಂತೆ. ನೌಕಾಪಡೆಯವರಲ್ಲಿ ಕೆಲವರು ಎನ್ ಎಂದರೆ ನೇವಿ ಎಂದೇ ನಂಬಿಕೊಂಡರು. ಮುಂದಿನ ವರ್ಷಗಳಲ್ಲಿ ತಿದ್ದಿ ತೀಡಿ ಅದನ್ನು 11,000 ಮೆಗಾಹರ್ಟ್ಸ್‌ವರೆಗೂ ಒಯ್ದರು.

ಆಂಫಿನಾಲ್‌ನಲ್ಲಿ ಕಾರ್ಲ್ ಕಾನ್ಸೆಲ್ಮನ್ ಎಂಬವನು ಇದೇ ಹಾದಿಯಲ್ಲಿದ್ದ. ತಿರುಪು ಬಿಗಿಯುತ್ತ ಕೂರುವ ಬದಲು, ಅದುಮಿ ಕಾಲು ಸುತ್ತು ತಿರುಗಿಸಿದರೆ ಹಲ್ಲು ಕಚ್ಚುವ ಬಯನೆಟ್ ಬಗೆ ಅವನ ಸಿ ಕನೆಕ್ಟರಿನಲ್ಲಿತ್ತು. ಅದರ ಇನ್ನೂ ಪುಟ್ಟ ರೂಪಕ್ಕೆ ಇಬ್ಬರ ಹೆಸರೂ ಅಂಟಿತು: ಬಯನೆಟ್, ನೀಲ್, ಕಾನ್ಸೆಲ್ಮನ್, ಚುಟುಕಾಗಿ ಬಿಎನ್‌ಸಿ. ಅಂಥ ಕನೆಕ್ಟರಿನ ಪೇಟೆಂಟು ಇವರಿಬ್ಬರ ಹೆಸರಲ್ಲಿ ಇಲ್ಲ ಎಂಬುದು ಒಂದು ಸೋಜಿಗ. 1945ರಲ್ಲಿ ಅರ್ಜಿ ಹಾಕಿ 1951ರಲ್ಲಿ ಅದನ್ನು ಪಡೆದವನು ಹೇಜಲ್ಟೈನ್ ಕಂಪನಿಯ ಆಕ್ಟೇವಿಯೋ ಸಲಾಟಿ. ಹೆಸರು ಇಬ್ಬರದು, ಹಕ್ಕುಪತ್ರ ಮೂರನೆಯವನದು.

ಕತೆಗೆ ಇನ್ನೊಂದು ಬಿಳಿ ಪುಡಿ ಬಂದು ಸೇರಬೇಕಿತ್ತು. ಅದು ಸಿಕ್ಕಿದ್ದು ನ್ಯೂಜೆರ್ಸಿಯ ಡೀಪ್‌ವಾಟರಿನಲ್ಲಿ, ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ, 1938ರ ಏಪ್ರಿಲ್ 6ರ ಬೆಳಗ್ಗೆ. ರಾಯ್ ಪ್ಲಂಕೆಟ್‌ಗೆ ಆಗ ಇಪ್ಪತ್ತೇಳು. ಫ್ರಿಜ್ಜಿನ ಶೀತಕ್ಕೆ ಹೊಸ ಅನಿಲ ಹುಡುಕುವುದು ಅವನ ಕೆಲಸ. ಅದಕ್ಕಾಗಿ ಟೆಟ್ರಾಫ್ಲೋರೋಎಥಿಲೀನ್ ಎಂಬ ಅನಿಲವನ್ನು ಸಣ್ಣ ಸಣ್ಣ ಸಿಲಿಂಡರುಗಳಲ್ಲಿ ತುಂಬಿ, ಒಣ ಮಂಜುಗಡ್ಡೆಯಲ್ಲಿ ತಣ್ಣಗೆ ಇಟ್ಟಿದ್ದರು. ಸಹಾಯಕ ಜ್ಯಾಕ್ ರೀಬಾಕ್ ಒಂದು ಸಿಲಿಂಡರಿನ ವಾಲ್ವು ತೆರೆದ. ಏನೂ ಬರಲಿಲ್ಲ. ಖಾಲಿಯಾಗಿರಬೇಕೆಂದು ತೂಗಿದರೆ ತೂಕ ತುಂಬಿದ ಸಿಲಿಂಡರಿನದೇ. ವಾಲ್ವು ಕಟ್ಟಿಕೊಂಡಿರಬಹುದೆಂದು ತಂತಿ ತೂರಿಸಿ ನೋಡಿದರು. ದಾರಿ ಚೊಕ್ಕಟವಾಗಿಯೇ ಇತ್ತು. ವಾಲ್ವನ್ನೇ ಬಿಚ್ಚಿ ಸಿಲಿಂಡರನ್ನು ಬೋರಲು ಹಾಕಿದಾಗ ಒಂದಿಷ್ಟು ಬಿಳಿ ಪುಡಿ ಉದುರಿತು. ಸಿಡಿಯಬಹುದಾದ ಅನಿಲದ ಸಿಲಿಂಡರು ಅದು. ಆದರೂ ಗರಗಸ ತಂದು ಕೊಯ್ದರು. ಒಳಗೋಡೆಯ ತುಂಬ ಅದೇ ಪುಡಿ ಮೆತ್ತಿತ್ತು. ಅನಿಲ ತಾನಾಗಿಯೇ ಸರಪಳಿ ಕಟ್ಟಿಕೊಂಡಿತ್ತು. ಆಮ್ಲ ಅದನ್ನು ಕರಗಿಸಲಿಲ್ಲ, ಯಾವುದೂ ಅದಕ್ಕೆ ಅಂಟಲಿಲ್ಲ. ಅಣುಬಾಂಬಿನ ಯೋಜನೆ ಅದನ್ನು ಮೊದಲು ಕಸಿದುಕೊಂಡಿತು, ಯುರೇನಿಯಮ್ಮಿನ ಕೊರೆಯುವ ಅನಿಲವನ್ನು ತಡೆಹಿಡಿಯುವ ಗ್ಯಾಸ್ಕೆಟ್ಟಿಗಾಗಿ. ಟೆಫ್ಲಾನ್ ಎಂಬ ಹೆಸರಿನಲ್ಲಿ ಅದು ಲೋಕಕ್ಕೆ ಕಾಣಿಸಿಕೊಂಡದ್ದು ಯುದ್ಧ ಮುಗಿದ ಮೇಲೆ.

ಪ್ಲಗ್ಗಿನ ಒಳಗೆ ಅದಕ್ಕೇನು ಕೆಲಸ ಎಂಬುದು ಬೆಸುಗೆ ಹಾಕಿದ ಯಾವ ಹ್ಯಾಮ್‌ಗಾದರೂ ಗೊತ್ತು. ಬೆಸುಗೆಯ ತವರ–ಸೀಸ ಕರಗುವುದು 183 ಡಿಗ್ರಿಯ ಸುಮಾರಿಗೆ. ಕೇಬಲ್ಲಿನ ಹೊಟ್ಟೆಯ ಪಾಲಿಥೀನು 110ರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಪಿಎಲ್-259ರ ದಪ್ಪ ಕವಚ ಬಿಸಿಯನ್ನೆಲ್ಲ ಹೀರುವುದರಿಂದ, ಹೊರ ಕೊಳವೆಯ ಜಾಗದಲ್ಲಿರುವ ಹೆಣೆದ ತಂತಿಗೆ ಬೆಸುಗೆ ಹಿಡಿಯುವವರೆಗೆ ಐರನ್ ಒತ್ತಿಹಿಡಿದರೆ ಅಷ್ಟರಲ್ಲಿ ಒಳಗಿನ ಪಾಲಿಥೀನು ಕರಗಿ, ನಡುವಿನ ತಂತಿ ಪಕ್ಕಕ್ಕೆ ವಾಲಿ ಕವಚ ಮುಟ್ಟುತ್ತಿತ್ತು. ಬೇಗ ತೆಗೆದರೆ ಬೆಸುಗೆ ಹಸಿ. ಮೊದಲ ಹತ್ತು ಪ್ಲಗ್ಗು ಹಾಳುಮಾಡದೆ ಈ ಕೈಚಳಕ ಯಾರಿಗೂ ಬಂದಿರಲಾರದು. ಪ್ಲಗ್ಗಿನದೇ ಪ್ಲಾಸ್ಟಿಕ್ಕು ಅಗ್ಗದ್ದಾದರೆ ಅದೂ ಮೆತ್ತಗಾಗಿ ಪಿನ್ನು ಓರೆಯಾಗುತ್ತಿತ್ತು. ಟೆಫ್ಲಾನು ಕರಗುವುದು 327 ಡಿಗ್ರಿಗೆ. ಪಿನ್ನನ್ನು ಹಿಡಿದಿಟ್ಟ ಬಿಲ್ಲೆ ಟೆಫ್ಲಾನಿನದಾದ ಮೇಲೆ ಪಿನ್ನಿನ ಮಟ್ಟಿಗಾದರೂ ಭಯ ತಪ್ಪಿತು.

ಆದರೆ 432ರಲ್ಲಿ ಕುಣಿಯುತ್ತಿದ್ದ ಮೀಟರಿನ ಮುಳ್ಳು? ಟೆಫ್ಲಾನು ಹಾಕಿದರೂ ಅದು ಕುಣಿಯುವುದು ಬಿಡಲಿಲ್ಲ.

ಅದಕ್ಕೆ ಉತ್ತರ ಯುದ್ಧಕ್ಕಿಂತ ಮೊದಲೇ ಒಬ್ಬ ಹ್ಯಾಮ್‌ನ ಕೈಯಲ್ಲಿತ್ತು. ಬೆಲ್ ಪ್ರಯೋಗಾಲಯದ ಫಿಲಿಪ್ ಸ್ಮಿತ್ ಹುಡುಗನಾಗಿದ್ದಾಗಿನಿಂದ ಹವ್ಯಾಸಿ ರೇಡಿಯೋದವನು. ದೊಡ್ಡ ಶಾರ್ಟ್‌ವೇವ್ ಆಂಟೆನಾಗಳಿಗೆ ಹೋಗುವ ಲೈನಿನುದ್ದಕ್ಕೂ ವೋಲ್ಟೇಜ್ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಅಳೆಯುವುದು ಅವನ ಉದ್ಯೋಗವಾಗಿತ್ತು. ಅಲೆ ಪೂರ್ತಿ ಮುಂದೆ ಹೋಗಿದ್ದರೆ ಆ ಏರಿಳಿತವೇ ಇರಬಾರದು. ಎಲ್ಲೋ ಒಂದು ಕಡೆ ಅಲೆಯ ಒಂದು ಪಾಲು ತಿರುಗಿಬಂದು, ಬರುವುದೂ ಹೋಗುವುದೂ ಡಿಕ್ಕಿಹೊಡೆದು ಏರಿಳಿತ ಮೂಡುತ್ತಿತ್ತು. ಅದರ ಲೆಕ್ಕ ಪುಟಗಟ್ಟಲೆ ಹಿಡಿಯುತ್ತಿತ್ತು. ಅದರ ಬೇಸರಕ್ಕೇ ಅವನು ಚಿತ್ರದ ಮೊರೆಹೊಕ್ಕ. 1931ರಲ್ಲಿ ಒಂದು ಚೌಕದ ನಕ್ಷೆ ಮಾಡಿದ, ಸಮಾಧಾನವಾಗಲಿಲ್ಲ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಕೊನೆಗೆ ಎಲ್ಲ ಲೆಕ್ಕವೂ ಒಂದು ವೃತ್ತದೊಳಗೆ ಕೂರುವ ನಕ್ಷೆ ತಂದ. 1939ರ ಜನವರಿಯಲ್ಲಿ ಅದು ‘ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಸ್ಮಿತ್ ಚಾರ್ಟ್ ಎಂದರೆ ಇವತ್ತಿಗೂ ರೇಡಿಯೋ ಎಂಜಿನಿಯರುಗಳಿಗೆ ಅದೇ ಪಂಚಾಂಗ.

ಅದರ ಕಣ್ಣಿನಿಂದ ನೋಡಿದರೆ ಒಗಟು ಬಿಡುತ್ತದೆ. ಕೊಯಾಕ್ಸಿನ ಒಳಗೆ ಅಲೆ ಲೆಕ್ಕಕ್ಕೆ ಇಟ್ಟುಕೊಳ್ಳುವುದು ಎರಡನ್ನೇ: ಹೊರ ಕೊಳವೆಯ ವ್ಯಾಸ ಒಳ ತಂತಿಯ ಎಷ್ಟು ಪಟ್ಟು, ನಡುವೆ ತುಂಬಿರುವುದೇನು. ಇವೆರಡೂ ಸೇರಿ ಲೈನಿನ ಇಂಪೀಡೆನ್ಸ್. ನಡುವೆ ಗಾಳಿಯಿದ್ದರೆ, ಈ ಕೇಬಲ್ಲುಗಳಿಗೆ ಬೇಕಾದ 50 ಓಮಿಗೆ 2.3 ಪಟ್ಟು ಬೇಕು. ನೀಲ್‌ನ 7 ಮತ್ತು 3.04 ಮಿಲಿಮೀಟರು ಅದೇ. ಪಾಲಿಥೀನು ತುಂಬಿದರೆ ಸುಮಾರು ಮೂರೂವರೆ ಪಟ್ಟು. ಕ್ವಾಕೆನ್‌ಬುಷ್‌ನ ಪ್ಲಗ್ಗಿನಲ್ಲಿ ಪಿನ್ನು ದಪ್ಪ, ಸುತ್ತಲ ಜಾಗ ಇಕ್ಕಟ್ಟು. ಒಳಗೆ ಇಂಪೀಡೆನ್ಸ್ 35 ಓಮಿನ ಆಸುಪಾಸಿಗೆ ಕುಸಿಯುತ್ತದೆ. ಅಲೆಗೆ ಅದು ದಾರಿಯಲ್ಲಿ ಸಿಕ್ಕ ತಗ್ಗು. 30 ಮೆಗಾಹರ್ಟ್ಸ್‌ನ ಹತ್ತು ಮೀಟರಿನ ಅಲೆ ಆ ಎರಡೂವರೆ ಸೆಂಟಿಮೀಟರನ್ನು ಗಮನಿಸದೆ ದಾಟಿಬಿಡುತ್ತದೆ. 432ರಲ್ಲಿ ಅಲೆ 69 ಸೆಂಟಿಮೀಟರಿಗೆ ಇಳಿಯುವುದರಿಂದ ತಗ್ಗು ತಟ್ಟುತ್ತದೆ. ಒಂದು ಜೋಡಣೆಯಲ್ಲಿ ತಿರುಗಿಬರುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಐದಾರು ಜೋಡಣೆ ಸಾಲಾಗಿದ್ದರೆ ಆ ಪಾಲುಗಳು ಒಮ್ಮೆ ಒಂದಕ್ಕೊಂದು ಕೂಡುತ್ತವೆ, ಒಮ್ಮೆ ಕಳೆಯುತ್ತವೆ. ಯಾವುದು ಎಂಬುದು ನಡುವಿನ ಕೇಬಲ್ಲಿನ ಉದ್ದದ ಮೇಲೆ. ಒಂದು ಗೇಣು ಕತ್ತರಿಸಿದಾಗಲೆಲ್ಲ ಮುಳ್ಳು ಕುಣಿಯುತ್ತಿದ್ದುದು ಇದಕ್ಕೇ.

ಹ್ಯಾಮ್‌ಗಳ ಕೋಣೆಯಲ್ಲಿ ಮೆಲ್ಲಮೆಲ್ಲನೆ ಒಂದು ಪದ್ಧತಿ ನೆಲೆಯಾಯಿತು. ಶಾರ್ಟ್‌ವೇವಿನ ಪೆಟ್ಟಿಗೆಗೆ ಪಿಎಲ್-259ನ್ನೇ ಉಳಿಸಿಕೊಂಡರು, ಆದಷ್ಟೂ ಟೆಫ್ಲಾನಿನದು. ಎರಡು ಮೀಟರ್, ಅಂದರೆ 144 ಮೆಗಾಹರ್ಟ್ಸ್ ಬ್ಯಾಂಡಿನವರೆಗೂ ಅದನ್ನು ಎಳೆದವರು ಬಹಳ. 430ರ ಆಚೆಗೆ, ಮತ್ತು ಮನೆಯ ಹೊರಗೆ ಕಂಬದ ಮೇಲೆ, ಎನ್. ಮೇಜಿನ ಮೇಲಿನ ಅಳತೆ ಸಲಕರಣೆಗೆ, ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವ ಕಡೆಗೆ ಬಿಎನ್‌ಸಿ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಪಿಎಲ್-259ನ್ನು ಹೊರಗೆ ಬಿಟ್ಟವರಿಗೆ ಎನ್‌ನ ರಬ್ಬರಿನ ಬಳೆಯ ಬೆಲೆಯನ್ನು ಒಂದೇ ಮಳೆಗಾಲ ಕಲಿಸಿತು. ಹೆಣೆದ ತಂತಿಗೆ ನೀರು ಒಮ್ಮೆ ಇಳಿದರೆ ಅದು ಬತ್ತಿಯಂತೆ ಮೀಟರುಗಟ್ಟಲೆ ಒಳಗೆ ಎಳೆದುಕೊಂಡು ಕಪ್ಪುಗಟ್ಟುತ್ತದೆ. ಆಮೇಲೆ ಪ್ಲಗ್ಗು ಬದಲಿಸಿದರೂ ಕೇಬಲ್ಲು ಉಳಿಯದು.

ಈ ಪದ್ಧತಿಗೆ ಆಕಾಶದಿಂದಲೂ ಒಂದು ಪರೀಕ್ಷೆ ಬಂತು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ಟು ಏರಿದಾಗ ಅದರ ತಲೆಯೊಳಗೆ ಕಾರ್ಟೊಸ್ಯಾಟ್-1ರ ಜೊತೆ 42.5 ಕಿಲೋದ ಒಂದು ಪುಟ್ಟ ಉಪಗ್ರಹವಿತ್ತು. ಹ್ಯಾಮ್‌ಸ್ಯಾಟ್. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಅದರೊಳಗೆ ಎರಡು ಟ್ರಾನ್ಸ್‌ಪಾಂಡರು; ಒಂದು ಭಾರತದ ಹ್ಯಾಮ್‌ಗಳದು, ಇನ್ನೊಂದು ನೆದರ್ಲೆಂಡಿನ ಒಬ್ಬ ವಿದ್ಯಾರ್ಥಿ ಮಾಡಿದ್ದು. ನೆಲದಿಂದ 435 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ ದನಿಯನ್ನು ಅದು 145ರಲ್ಲಿ ವಾಪಸು ಕಳಿಸುತ್ತಿತ್ತು. ಕಳಿಸಬೇಕಾದ ಫ್ರೀಕ್ವೆನ್ಸಿ ಸರಿಯಾಗಿ ಆ ಹಳೆಯ ಕಳ್ಳ ಕೂತಿದ್ದ ಜಾಗದಲ್ಲೇ ಇತ್ತು. ನೂರಾರು ಕಿಲೋಮೀಟರು ಮೇಲಿನ ಉಪಗ್ರಹಕ್ಕೆ ಕೆಲವೇ ವಾಟ್ ಮುಟ್ಟಿಸಬೇಕಾದವರು ತಾರಸಿಯ ಆಂಟೆನಾದಿಂದ ಮೇಜಿನವರೆಗೆ ಒಂದೊಂದು ಜೋಡಣೆಯನ್ನೂ ಎಣಿಸಬೇಕಾಯಿತು. ಅನಗತ್ಯ ಅಡಾಪ್ಟರು ಕಿತ್ತರು, ಎನ್ ಬೆಸೆದರು, ಅದರ ಮೇಲೆ ನೀರು ನುಗ್ಗದಂತೆ ಟೇಪು ಸುತ್ತಿದರು, ಉಪಗ್ರಹ ದಿಗಂತ ದಾಟುವ ನಿಮಿಷಕ್ಕೆ ಕಾದರು. ಅದು ತಲೆಯ ಮೇಲೆ ಹಾದುಹೋಗುವ ಆ ಹತ್ತು–ಹದಿನೈದು ನಿಮಿಷ ಒಂದು ಕೈಯಲ್ಲಿ ಆಂಟೆನಾ ತಿರುಗಿಸುತ್ತ, ಇನ್ನೊಂದರಲ್ಲಿ ಟ್ಯೂನಿಂಗ್ ಗುಂಡಿ ಸರಿಸುತ್ತ ಮಾತಾಡಿದರೆ, ಹೆಡ್‌ಫೋನಿನಲ್ಲಿ ತಮ್ಮದೇ ದನಿ ಆಕಾಶದಿಂದ ತಿರುಗಿ ಬರುತ್ತಿತ್ತು.